ಹತ್ತು ಕಿಲೋ ಐಸಿನ ಲೆಕ್ಕ

ಮೇ ತಿಂಗಳ ಸಂಜೆ ಅಹಮದಾಬಾದಿನ ಅಪಾರ್ಟ್‌ಮೆಂಟಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಬಿಸಿನೀರು. ಗೀಸರಿನದಲ್ಲ, ತಾರಸಿಯ ಮೇಲೆ ದಿನವಿಡೀ ಬಿಸಿಲಿಗೆ ಮೈಯೊಡ್ಡಿ ನಿಂತ ಕಪ್ಪು ಟ್ಯಾಂಕಿನದು. ಪಾನೀಯ ಬೇಗ ತಂಪಾಗಬೇಕಾದರೆ ಬಾಟಲಿಗಳನ್ನು ಮೊದಲು ತಣ್ಣೀರಿನಲ್ಲಿಡಿ ಎಂದು ಯಾರಾದರೂ ಹೇಳಿದರೆ ಆ ಊರಿನವರು ನಕ್ಕಾರು. 2016ರ ಮೇ 20ರಂದು ಅಲ್ಲಿ 48 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ದಿನ ಇಲ್ಲದಿದ್ದರೂ ಬೇಸಿಗೆಯಲ್ಲಿ 42, 43 ಅಲ್ಲಿ ಸುದ್ದಿಯೇ ಅಲ್ಲ.

ಬ್ಯಾಂಕು, ರಿಫೈನರಿ, ಹೋಟೆಲು ಎಂದು ಹೋಗಿ ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆನಿಂತ ಕನ್ನಡದ ಮನೆಗಳು ಬೇಕಾದಷ್ಟಿವೆ. ಆ ಮನೆಗಳಲ್ಲೂ ಸೀಮಂತ, ನಾಮಕರಣ, ಗೃಹಪ್ರವೇಶ ನಡೆಯುತ್ತವೆ. ಮೂವತ್ತು ಜನ ಆರೂವರೆಗೆ ಬರುತ್ತಾರೆ. ಐದೂವರೆಗೆ ಅಂಗಡಿಯವನು ಸೋಡಾ, ಶರಬತ್ತಿನ ಬಾಟಲಿಗಳನ್ನು ತಂದಿಳಿಸುತ್ತಾನೆ. ಮುಟ್ಟಿದರೆ ಎಲ್ಲವೂ ಬೆಚ್ಚಗೆ. ಆಗ ಎಲ್ಲರ ಕೈಯೂ ಫ್ರಿಜ್ ಬಾಗಿಲಿಗೆ ಹೋಗುತ್ತದೆ. ಎಡವಟ್ಟಾಗುವುದು ಅಲ್ಲೇ.

ಗುಜರಾತಿನ ಕೂಟಕ್ಕೆ ಒಂದು ವಿಶೇಷವಿದೆ. 1960ರ ಮೇ 1ರಂದು ರಾಜ್ಯ ಹುಟ್ಟಿದಾಗಿನಿಂದಲೂ ಅಲ್ಲಿ ಪಾನನಿಷೇಧ. ಹೀಗಾಗಿ ಡ್ರಿಂಕ್ಸ್ ಎಂದರೆ ಯಾರ ಹುಬ್ಬೂ ಮೇಲೇರುವುದಿಲ್ಲ. ಮಜ್ಜಿಗೆ, ಜಲ್‌ಜೀರಾ, ಸೋಂಪು ಕಾಳಿನ ಶರಬತ್ತು, ನಿಂಬೆ ಸೋಡಾ, ಅಷ್ಟೇ. ಆದರೆ ಮದ್ಯವನ್ನು ಗುಟುಕರಿಸುವ ಜನ ಮಜ್ಜಿಗೆಯನ್ನು ಗಟಗಟನೆ ಕುಡಿದು ಲೋಟ ಮತ್ತೆ ಮುಂದೆ ಚಾಚುತ್ತಾರೆ. ತಲೆಗೆ ಕಾಲು ಲೀಟರಿನ ಎರಡು ಲೋಟ ಹಿಡಿದರೂ ಮೂವತ್ತು ಜನಕ್ಕೆ 15 ಲೀಟರು.

ಈ 15 ಲೀಟರನ್ನು 38 ಡಿಗ್ರಿಯಿಂದ 8 ಡಿಗ್ರಿಗೆ ಇಳಿಸಬೇಕು. ಹೈಸ್ಕೂಲಿನ ಪಾಠ ನೆನಪಿದ್ದರೆ ಸಾಕು: ಒಂದು ಲೀಟರು ನೀರು ಒಂದು ಡಿಗ್ರಿ ತಣಿಯಬೇಕಾದರೆ ಒಂದು ಕಿಲೋ ಕ್ಯಾಲರಿ ಶಾಖ ಹೊರಗೆ ಹೋಗಬೇಕು. 15 ಲೀಟರು, 30 ಡಿಗ್ರಿ, ಒಟ್ಟು 450 ಕಿಲೋ ಕ್ಯಾಲರಿ. ಮನೆಯ ಫ್ರಿಜ್ಜು ತಾಸಿಗೆ ಸುಮಾರು 130 ಕಿಲೋ ಕ್ಯಾಲರಿ ಶಾಖ ಹೊರಹಾಕಿತು ಎಂದುಕೊಳ್ಳೋಣ. ಬೇರಾವ ಕೆಲಸವನ್ನೂ ಮಾಡದೆ, ಬಾಗಿಲು ಒಮ್ಮೆಯೂ ತೆರೆಯದೆ ದುಡಿದರೂ ಮೂರೂವರೆ ತಾಸು ಬೇಕು. ಒಳಗೆ ಹಾಲು, ಹಿಟ್ಟು, ತರಕಾರಿ ಬೇರೆ ಇವೆ. ಬಾಗಿಲನ್ನಂತೂ ಮಕ್ಕಳು ಐದು ನಿಮಿಷಕ್ಕೊಮ್ಮೆ ತೆರೆಯುತ್ತಾರೆ. ತಂಪಾಗಿರುವುದನ್ನು ತಂಪಾಗಿಯೇ ಇಟ್ಟುಕೊಳ್ಳಲು ಮಾಡಿದ ಪೆಟ್ಟಿಗೆ ಅದು. ಅವಸರದ ಕೆಲಸ ಅದರದ್ದಲ್ಲ.

ಯಂತ್ರದ ಶಕ್ತಿಗಿಂತ ದೊಡ್ಡ ತೊಡಕು ಗಾಳಿಯದು. ಫ್ರಿಜ್ಜಿನೊಳಗೆ ಬಾಟಲಿಯನ್ನು ಸುತ್ತುವರಿದಿರುವುದು ಗಾಳಿ, ಅದು ಶಾಖವನ್ನು ಬಹಳ ಜಿಪುಣತನದಿಂದ ಸಾಗಿಸುತ್ತದೆ. ನಿಂತ ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ದಾಟಿಸುತ್ತದೆ. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಇದ್ದರೂ ಅಲ್ಲಿರುವುದೂ ಗಾಳಿಯೇ. ಸೊನ್ನೆ ಡಿಗ್ರಿಯ ಐಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಆಗುವ ಕೆಲಸಕ್ಕೆ ಫ್ರೀಜರಿನಲ್ಲಿ ಮುಕ್ಕಾಲು ತಾಸಿನ ಮೇಲೆ ಹಿಡಿಯುವುದು ಇದೇ ಕಾರಣಕ್ಕೆ. ಮೇಲಾಗಿ ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ನೆಂಟರ ಗಲಾಟೆಯಲ್ಲಿ ಮರೆತುಹೋದ ಗಾಜಿನ ಸೋಡಾ ಬಾಟಲಿ ಫ್ರೀಜರಿನೊಳಗೆ ಸಿಡಿದರೆ ಚೂರು ಆರಿಸುವ ಕೆಲಸ ಮರುದಿನಕ್ಕೂ ಉಳಿಯುತ್ತದೆ. ಒದ್ದೆ ಬಟ್ಟೆ ಸುತ್ತಿ ಫ್ರೀಜರಿನಲ್ಲಿಟ್ಟರೆ ಚಿಟಿಕೆ ಹೊಡೆಯುವುದರಲ್ಲಿ ತಂಪಾಗುತ್ತದೆ ಎಂಬ ಉಪಾಯವೂ ಚಾಲ್ತಿಯಲ್ಲಿದೆ. ತುಸು ಅನುಕೂಲವಾದೀತು, ಪವಾಡವಾಗದು.

ಬೇಕಾದದ್ದು ಟಬ್ಬಿನಲ್ಲಿ ಐಸ್, ಅದರ ಜೊತೆ ನೀರು. ಒಂದು ಕಿಲೋ ಐಸು ಕರಗುವಾಗಲೇ 80 ಕಿಲೋ ಕ್ಯಾಲರಿ ಹೀರಿಕೊಳ್ಳುತ್ತದೆ. ಕರಗಿದ ನೀರು 8 ಡಿಗ್ರಿಗೆ ಏರುವಷ್ಟರಲ್ಲಿ ಇನ್ನೂ 8. ನಮ್ಮ 450ಕ್ಕೆ ಐದು ಕಿಲೋ ಚಿಲ್ಲರೆ ಸಾಕೆಂದು ಲೆಕ್ಕ ಹೇಳುತ್ತದೆ. ಆದರೆ ಟಬ್ಬಿಗೆ ಸುರಿಯುವ ನಲ್ಲಿ ನೀರೂ ಬಿಸಿ, ಟಬ್ಬೂ ಬಿಸಿ, ಬಾಟಲಿಯ ಗಾಜೂ ಬಿಸಿ, ಸುತ್ತಲ ಗಾಳಿ ಹೇಳುವುದೇ ಬೇಡ. ಹತ್ತು ಕಿಲೋ ತರಿಸಿಬಿಡಿ. ಫ್ರಿಜ್ಜಿನ ಎರಡು ಟ್ರೇಗಳನ್ನು ಕವುಚಿದರೆ ಅರ್ಧ ಕಿಲೋ ಬಂದರೆ ಹೆಚ್ಚು. ಆ ನಾಲ್ಕು ತುಂಡನ್ನು ದೊಡ್ಡ ಬಕೆಟ್ಟಿಗೆ ಹಾಕಿ ಕಾಯುತ್ತ ಕೂರುವುದು ವ್ಯರ್ಥ.

ಬರೀ ಐಸಿನ ಮೇಲೆ ಬಾಟಲಿ ಮಲಗಿಸುವವರೂ ಇದ್ದಾರೆ. ಐಸಿನ ತುಂಡುಗಳು ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ, ಮಿಕ್ಕ ಜಾಗವೆಲ್ಲ ಮತ್ತೆ ಗಾಳಿಯದೇ. ತುಂಡುಗಳ ನಡುವಿನ ಸಂದು ತುಂಬುವಷ್ಟು ನೀರು ಹಾಕಿ, ಬಾಟಲಿಯ ಕತ್ತು ಮುಳುಗಲಿ. ಐಸು ಕರಗಿ ನೀರಾಯಿತೆಂದು ಮಧ್ಯದಲ್ಲಿ ಆ ನೀರನ್ನು ಚೆಲ್ಲಬೇಡಿ. ತುಂಡುಗಳು ತೇಲುತ್ತಿರುವವರೆಗೆ ಕೆಲಸ ಮಾಡುತ್ತಿರುವುದು ಅದೇ ನೀರು. ಆಗಾಗ ಕೈಯಾಡಿಸಿ, ಬಾಟಲಿಯನ್ನು ನಿಂತಲ್ಲೇ ನಿಧಾನ ತಿರುಗಿಸಿ. ಬಾಟಲಿಗೆ ಅಂಟಿಕೊಂಡು ಬೆಚ್ಚಗಾದ ನೀರಿನ ಪದರ ಹರಿದು ಹೊಸ ತಣ್ಣೀರು ಬರುತ್ತದೆ, ಒಳಗಿನ ಪಾನೀಯವೂ ಕದಲುತ್ತದೆ. ಕಾಯುವ ಹೊತ್ತು ಅರ್ಧಕ್ಕರ್ಧ ಇಳಿಯುವುದು ಈ ತಿರುವಿನಿಂದಲೇ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಹಠಮಾರಿ. ದಪ್ಪ ಹೊಟ್ಟೆ, ಶಾಖ ಬಿಡದ ಚರ್ಮ. ಅದರೊಳಗಿರುವುದು ಶರಬತ್ತಾದರೆ ಸ್ಟೀಲಿನ ಚೊಂಬುಗಳಿಗೆ ಸುರಿದು ಮುಳುಗಿಸಿ. ತೆಳು ಲೋಹ ಕೂಡಲೇ ಮಣಿಯುತ್ತದೆ.

ಇನ್ನು ಉಪ್ಪು. ಗುಜರಾತಿನಲ್ಲಿ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲು ಬರುವುದೇ ಆ ರಾಜ್ಯದಿಂದ. ಕಛ್‌ನ ಚಿಕ್ಕ ರಣದಲ್ಲಿ ಅಗರಿಯಾಗಳು ನೆಲದಡಿಯ ಉಪ್ಪುನೀರನ್ನು ಎತ್ತಿ ಬಿಸಿಲಿಗೆ ಹರಡಿ ಹರಳುಗಟ್ಟಿಸುತ್ತಾರೆ. ಆ ದಪ್ಪ ಹರಳಿಗೂ ಐಸಿಗೂ ನಂಟು ಬೆಸೆದದ್ದು ಸಂಚೊ, ಅಂದರೆ ಕೈಯಲ್ಲಿ ತಿರುಗಿಸುವ ಐಸ್‌ಕ್ರೀಮ್ ಯಂತ್ರ. ಮರದ ಪೀಪಾಯಿ, ಅದರೊಳಗೆ ಲೋಹದ ಡಬ್ಬಿ, ಎರಡರ ನಡುವೆ ಪುಡಿಮಾಡಿದ ಐಸು ಮತ್ತು ಕಲ್ಲುಪ್ಪು, ಮೇಲೊಂದು ಹಿಡಿ. ಡಬ್ಬಿಯೊಳಗೆ ಕೆನೆಹಾಲು, ಸಕ್ಕರೆ, ಸೀತಾಫಲವೋ ಮಾವೋ. ಹಿಡಿ ತಿರುಗಿಸುತ್ತಿದ್ದಂತೆ ಮೊದಲು ಐಸಿನ ತುಂಡುಗಳು ಕಟಕಟ ಸದ್ದು ಮಾಡುತ್ತವೆ. ಬರಬರುತ್ತ ಸದ್ದು ಅಡಗಿ ತೋಳಿಗೆ ಭಾರ ತಿಳಿಯತೊಡಗುತ್ತದೆ. ಭಾರ ಹೆಚ್ಚಿತೆಂದರೆ ಒಳಗಿನದು ಗಟ್ಟಿಯಾಗುತ್ತಿದೆ ಎಂದರ್ಥ. ಪೀಪಾಯಿಯ ತೂತಿನಿಂದ ಉಪ್ಪುನೀರು ಜಿನುಗುತ್ತಿರುತ್ತದೆ. ಸಂಚಾದ ಐಸ್‌ಕ್ರೀಮೆಂದು ಬೋರ್ಡು ಹಾಕಿಕೊಂಡ ಅಂಗಡಿಗಳು ಈಗಲೂ ಈ ಊರುಗಳಲ್ಲಿವೆ. ಇಂದು ದೇಶವಿಡೀ ಹೆಸರಾದ ವಾಡಿಲಾಲ್ ಕಂಪನಿಯ ಬೇರೂ ಒಂದು ಅಂಗಡಿಯಲ್ಲೇ ಇದೆ. 1907ರಲ್ಲಿ ವಾಡಿಲಾಲ್ ಗಾಂಧಿ ಅಹಮದಾಬಾದಿನಲ್ಲಿ ತೆರೆದದ್ದು ಸೋಡಾ ಅಂಗಡಿ. ಮಗ ರಣಛೋಡ್‌ಲಾಲ್ ಅದನ್ನು 1926ರಲ್ಲಿ ಐಸ್‌ಕ್ರೀಮಿನ ದಾರಿಗೆ ತಿರುಗಿಸಿದರು.

ಉಪ್ಪು ಮಾಡುವುದೇನು? ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ ಉಪ್ಪುನೀರು ಇನ್ನೂ ಕೆಳಗಿಳಿಯಬೇಕು. ಹಾಗಾಗಿ ಉಪ್ಪು ಬಿದ್ದ ಕೂಡಲೇ ಐಸು ಕರಗತೊಡಗುತ್ತದೆ. ಕರಗಲು ಬೇಕಾದ ಶಾಖವನ್ನು ತನ್ನ ಸುತ್ತಲಿನಿಂದಲೇ ಕಿತ್ತುಕೊಂಡು ಸೊನ್ನೆಗಿಂತ ಕೆಳಕ್ಕೆ ಜಾರುತ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಬೆರೆತರೆ ಮೈನಸ್ 21ರವರೆಗೂ ಇಳಿಯಬಲ್ಲದು. ಐಸ್‌ಕ್ರೀಮಿಗೆ ಅದು ಬೇಕು, ಸೋಡಾಕ್ಕೆ ಬೇಡ. ಟಬ್ಬಿನ ನೀರಿನಲ್ಲಿ ಶೇ 5ರಷ್ಟು ಉಪ್ಪಿದ್ದರೆ ಮೈನಸ್ 3 ಡಿಗ್ರಿ ಸಿಗುತ್ತದೆ, ಬಾಟಲಿ ಐದಾರು ನಿಮಿಷದಲ್ಲಿ ತಯಾರು. ಆದರೆ ಉಪ್ಪು ಹೊಸ ತಂಪನ್ನೇನೂ ಹುಟ್ಟಿಸುವುದಿಲ್ಲ, ಇರುವ ಐಸನ್ನು ಬೇಗ ಖರ್ಚು ಮಾಡಿಸುತ್ತದೆ, ಅಷ್ಟೆ. ಇಡೀ ಟಬ್ಬಿಗೆ ಮೊದಲೇ ಉಪ್ಪು ಸುರಿದರೆ ಎರಡನೇ ಸರದಿಯ ಹೊತ್ತಿಗೆ ಐಸಿರುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆ, ಚಿಕ್ಕ ಬಕೆಟ್ಟಿನಲ್ಲಿ, ಆರೆಂಟು ಬಾಟಲಿಗೆ ಮಾತ್ರ ಉಪ್ಪು. ಆ ನೀರಿನಲ್ಲಿ ಬರಿಗೈ ಅದ್ದಿ ಹೆಚ್ಚು ಹೊತ್ತು ಇಡಬೇಡಿ. ಕೊನೆಗೆ ಅದನ್ನು ಗಿಡಗಳ ಬುಡಕ್ಕೂ ಸುರಿಯಬೇಡಿ.

ಐಸೇ ಇಲ್ಲದ ಕಾಲದಲ್ಲಿ ಇದೇ ಕೆಲಸವನ್ನು ಪೆಟ್ಲುಪ್ಪಿನಿಂದ ಮಾಡಿಸುತ್ತಿದ್ದರು. ಅಕ್ಬರನ ಆಬ್‌ದಾರ್‌ಖಾನೆಯ, ಅಂದರೆ ಅರಮನೆಯ ಕುಡಿಯುವ ನೀರಿನ ಇಲಾಖೆಯ, ವಿಧಾನವನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಅಳತೆ ಸಮೇತ ಬರೆದಿಟ್ಟಿದ್ದಾನೆ. ಲೋಹದ ಹೂಜಿಯಲ್ಲಿ ಒಂದು ಸೇರು ಕುಡಿಯುವ ನೀರು, ಬಾಯಿ ಭದ್ರ. ಇನ್ನೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು. ಅದರೊಳಗೆ ಹೂಜಿಯನ್ನು ಕಾಲು ತಾಸು ತಿರುಗಿಸಿದರೆ ನೀರು ತಣ್ಣಗೆ. ಕರಗುವಾಗ ಶಾಖ ಹೀರುವ ಗುಣ ಪೆಟ್ಲುಪ್ಪಿಗಿದೆ. ಮದ್ದುಗುಂಡಿನಲ್ಲಿ ಬೆಂಕಿಯಾಗುವ ವಸ್ತುವೇ ನೀರನ್ನು ತಂಪು ಮಾಡುವ ಸೋಜಿಗ ಅಬುಲ್ ಫಜಲನ ಕಣ್ಣನ್ನೂ ತಪ್ಪಿಸಿಲ್ಲ. ನನಗೆ ಹಿಡಿಸಿದ್ದು ಬೇರೆ ಮೂರು: ಲೋಹದ ಹೂಜಿ, ಸುತ್ತಲೂ ನೀರು, ಬಿಡದೆ ತಿರುಗಿಸುವ ಕೈ. ಮುಂದೆ 17ನೇ ಶತಮಾನದಲ್ಲಿ ಇಂಗ್ಲಿಷ್ ಕಂಪನಿಯವರು ಅಹಮದಾಬಾದಿನಲ್ಲಿ ಪೆಟ್ಲುಪ್ಪು ಕೊಳ್ಳುತ್ತಿದ್ದರು, ನೀರು ತಣಿಸಲಿಕ್ಕಂತೂ ಅಲ್ಲ.

ಇಲ್ಲಿಯವರೆಗಿನ ಮಾತು ಮೂರೂ ಊರಿಗೆ ಒಂದೇ. ಒದ್ದೆ ಬಟ್ಟೆಯ ವಿಷಯ ಬಂದಾಗ ಮಾತ್ರ ಊರು ಯಾವುದೆಂದು ಕೇಳಬೇಕು.

ಅಹಮದಾಬಾದಿನ ಬೀದಿ ಬದಿಯಲ್ಲಿ ಪರಬ್‌ಗಳಿವೆ, ನಮ್ಮ ಅರವಟ್ಟಿಗೆಗಳೇ. ಮಣ್ಣಿನ ಮಡಕೆಗಳ ಸಾಲು, ಮೇಲೆ ಒದ್ದೆ ಬಟ್ಟೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಈ ನಗರದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದವು ಎಂದು ಸಂಶೋಧಕರು ಲೆಕ್ಕಹಾಕಿದ ಮೇಲೆ 2013ರಲ್ಲಿ ಮಹಾನಗರ ಪಾಲಿಕೆ ಬಿಸಿಲಾಘಾತದ ಮುಂಜಾಗ್ರತಾ ಯೋಜನೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಇಂಥ ಬಿಸಿಲಿನ ಊರಾದ್ದರಿಂದಲೇ ಮಡಕೆಯ ನೀರಿಗೆ ಅಲ್ಲಿ ಅಷ್ಟು ಬೆಲೆ. ಮಡಕೆಯ ಮೈಯಿಂದ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 575 ಕ್ಯಾಲರಿ ಶಾಖ ಅದರ ಜೊತೆ ಹೋಗುತ್ತದೆ. ಹತ್ತು ಲೀಟರಿನ ಮಡಕೆಯಿಂದ ಕಾಲು ಲೀಟರು ಆರಿದರೆ ಒಳಗಿನ ನೀರು 14 ಡಿಗ್ರಿ ಇಳಿಯುವಷ್ಟು ಶಾಖವದು. ಆದರೆ ಎಷ್ಟು ಬೇಕಾದರೂ ಇಳಿಯುವುದಿಲ್ಲ, ಗಾಳಿಯ ತೇವ ಒಂದು ಗೆರೆ ಎಳೆದಿರುತ್ತದೆ. 42 ಡಿಗ್ರಿ ಬಿಸಿಲು, ಶೇ 20ರ ಆರ್ದ್ರತೆಯ ಅಹಮದಾಬಾದಿನ ಮಧ್ಯಾಹ್ನ ಆ ಗೆರೆ ಸುಮಾರು 24 ಡಿಗ್ರಿ. 36 ಡಿಗ್ರಿ, ಶೇ 55ರ ಸೂರತ್ತಿನಲ್ಲಿ 28ರ ಮೇಲೆ. ಅಲ್ಲಿ 18 ಡಿಗ್ರಿ ಲಾಭ, ಇಲ್ಲಿ ಎಂಟೂ ಇಲ್ಲ. ಕಲಬುರಗಿ, ರಾಯಚೂರಿನಿಂದ ಹೋದವರಿಗೆ ಅಹಮದಾಬಾದಿನ ಧಗೆ ಪರಿಚಿತ, ಹರವಿಯ ನೀರಿನ ಮಹಿಮೆಯೂ ಗೊತ್ತು. ಮಂಗಳೂರು, ಕಾರವಾರದವರಿಗೆ ಸೂರತ್ತಿನ ಸೆಕೆಯೇ ತವರುಮನೆ.

ಅಹಮದಾಬಾದಿನಲ್ಲಿದ್ದೀರಾದರೆ ಇದನ್ನು ಪುಕ್ಕಟೆ ಮೊದಲ ಮೆಟ್ಟಿಲಾಗಿ ಬಳಸಿ. ಬಾಟಲಿಗಳಿಗೆ ಒದ್ದೆ ಕಾಲುಚೀಲ ತೊಡಿಸಿ (ನೆಂಟರ ಕಣ್ಣಿಗೆ ಬೀಳದಿರಲಿ), ಜೋರಾಗಿ ಗಾಳಿಯಾಡುವ ನೆರಳಿನಲ್ಲಿ ಮಧ್ಯಾಹ್ನವೇ ನಿಲ್ಲಿಸಿ. ಟಬ್ಬಿಗೆ ಹಾಕುವ ನೀರನ್ನೂ ನಲ್ಲಿಯ ಬದಲು ಮಡಕೆಯಿಂದ ತೆಗೆಯಿರಿ. 38ರ ಬದಲು 27ರಿಂದ ಶುರುವಾದರೆ ಐಸಿನ ಖರ್ಚು ಮೂರನೇ ಒಂದರಷ್ಟು ಇಳಿಯುತ್ತದೆ. ಹಳೆ ಅಹಮದಾಬಾದಿನ ಪೋಳ್ ಎಂಬ ಕೇರಿಗಳಲ್ಲಿ ಮನೆಯ ನಡುಅಂಗಳದಡಿ ಮಳೆನೀರಿನ ಟಾಂಕಾ ಇರುತ್ತಿತ್ತು, ಕೆಲವು ಇನ್ನೂ ಇವೆ. ಬಿಸಿಲು ಕಾಣದ ನೆಲದೊಳಗಿನ ನೀರು. ತಾರಸಿಯ ಟ್ಯಾಂಕಿಗೆ ಬಡ್ತಿ ಪಡೆದ ನಾವು ಕಳೆದುಕೊಂಡದ್ದು ಅದನ್ನು.

ವಡೋದರಾದ ದೊಡ್ಡ ಕೂಟ ಬೇಸಿಗೆಯದಲ್ಲ, ನವರಾತ್ರಿಯದು. ಯುನೈಟೆಡ್ ವೇ ಗರ್ಬಾದಂಥ ಮೈದಾನಗಳಲ್ಲಿ ಹತ್ತಾರು ಸಾವಿರ ಜನ ಒಂದೇ ಸುತ್ತಿನಲ್ಲಿ ಕುಣಿಯುತ್ತಾರೆ. ಮುಗಿದ ಮೇಲೆ ಬೆವರಿಳಿಸಿಕೊಂಡು ಗುಂಪುಗುಂಪಾಗಿ ಸೋಡಾ ಅಂಗಡಿಗೆ, ಇಲ್ಲವೇ ಯಾರದಾದರೂ ಮನೆಗೆ. ಅಷ್ಟು ಹೊತ್ತಿನಲ್ಲಿ ಬೆಚ್ಚನೆ ಸೋಡಾ ತೆರೆದು ಐಸಿನ ಮೇಲೆ ಸುರಿದರೆ ಲೋಟದ ತುಂಬ ನೊರೆ, ನೊರೆ ಇಳಿದ ಮೇಲೆ ಸಪ್ಪೆ ನೀರು. ನೀರು 40 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳುವ ಇಂಗಾಲದ ಡೈಆಕ್ಸೈಡು ಸೊನ್ನೆ ಡಿಗ್ರಿಯಲ್ಲಿ ಹಿಡಿಯುವುದರ ಮೂರನೇ ಒಂದಕ್ಕಿಂತಲೂ ಕಡಿಮೆ. ಐಸಿನ ಒರಟು ಮೈ ಸಿಕ್ಕಿದರಂತೂ ಅನಿಲಕ್ಕೆ ಹೊರಡಲು ನೆಪವೇ ಸಿಕ್ಕಂತೆ. ಆದ್ದರಿಂದ ಸೋಡಾ ತಂಪಾಗಬೇಕಾದದ್ದು ಮುಚ್ಚಳ ತೆಗೆಯುವ ಮೊದಲು. ಟಬ್ಬಿನ ಮೊದಲ ಹಕ್ಕು ಸೋಡಾ ಬಾಟಲಿಗಳದು. ಮಜ್ಜಿಗೆ, ಶರಬತ್ತುಗಳಿಗೆ ಬೇರೆ ದಾರಿಯಿದೆ.

ಆ ದಾರಿಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಜಾಣತನದ್ದು. ಮಜ್ಜಿಗೆಗೆ ಹೇಗೂ ನೀರು ಬೆರೆಸುತ್ತೇವೆ, ಆ ನೀರಿನ ಒಂದು ಪಾಲು ಐಸಾಗಿಯೇ ಬರಲಿ. 38 ಡಿಗ್ರಿಯ ಮುಕ್ಕಾಲು ಲೀಟರು ಮಜ್ಜಿಗೆಗೆ ಕಾಲು ಕಿಲೋ ಐಸು ಹಾಕಿ ಕಡೆದರೆ ಅದು ಪೂರ್ತಿ ಕರಗುವ ಹೊತ್ತಿಗೆ ಒಂದು ಲೀಟರು ಮಜ್ಜಿಗೆ ಎಂಟೂವರೆ ಡಿಗ್ರಿಯಲ್ಲಿ ನಿಂತಿರುತ್ತದೆ. ಕಾಯುವ ಮಾತೇ ಇಲ್ಲ. ಮೊಸರನ್ನು ಮೊದಲಿಗೆ ದಪ್ಪಗೆ ಕಡೆದಿಟ್ಟುಕೊಂಡರಾಯಿತು. ಶರಬತ್ತಿನ ಪಾಕವನ್ನೂ ಹಾಗೆಯೇ ಗಟ್ಟಿಯಾಗಿ ಮಾಡಿಟ್ಟು, ಕೊಡುವಾಗ ಐಸಿನಿಂದ ತೆಳು ಮಾಡಿ. ಹದವಾಗಿ ಮಾಡಿದ ಶರಬತ್ತಿಗೆ ಐಸು ಹಾಕಿ ನೀರುನೀರಾಗಿಸಿ, ಆಮೇಲೆ ಸಕ್ಕರೆಗೆ ಓಡುವ ಮನೆಗಳೇ ಹೆಚ್ಚು.

ಆದರೆ ಪಾನೀಯದೊಳಗೆ ಬೀಳುವ ಐಸು ಯಾವುದು? ಡಿಪೋದಲ್ಲಿ ಗೋಣಿಚೀಲ ಹೊದೆಸಿ ಮಲಗಿಸಿರುವ ಉದ್ದನೆಯ ಪಾಟ್, ಅಂದರೆ ಕಾರ್ಖಾನೆಯ ದೊಡ್ಡ ಐಸ್ ಹಲಗೆ, ಟಬ್ಬಿಗೆ ಹೇಳಿ ಮಾಡಿಸಿದ್ದು. ಕೊರೆದು ಕೊಡುತ್ತಾರೆ, ಅಗ್ಗ, ನಿಧಾನ ಕರಗುತ್ತದೆ. ಅದನ್ನು ಲೋಟಕ್ಕೆ ಹಾಕುವುದು ಬೇಡ. ಯಾವ ನೀರಿನಿಂದ ಮಾಡಿದ್ದೋ, ಯಾವ ನೆಲದ ಮೇಲೆ ಎಳೆದಾಡಿದ್ದೋ. ತಿನ್ನಲಿಕ್ಕಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ಮಹಾರಾಷ್ಟ್ರ ಆದೇಶ ಹೊರಡಿಸಿತು. ಆಹಾರ ಸುರಕ್ಷತಾ ಪ್ರಾಧಿಕಾರವೂ ಅದೇ ಹಾದಿ ಹಿಡಿಯಿತು. ಬೇಸಿಗೆ ಬಂತೆಂದರೆ ಗೋಲಾ ಗಾಡಿಗಳ, ಐಸ್ ಕಾರ್ಖಾನೆಗಳ ತಪಾಸಣೆ ಅಹಮದಾಬಾದಿನಲ್ಲಿ ಮಾಮೂಲು. ಹೊರಗಿಡುವ ಐಸು ಅಂಗಡಿಯದಿರಲಿ, ಒಳಗೆ ಹಾಕುವುದು ಮನೆಯಲ್ಲಿ ಕಾಯಿಸಿ ಆರಿಸಿದ ನೀರಿನದೋ ಫಿಲ್ಟರ್ ನೀರಿನದೋ ಇರಲಿ. ಅದಕ್ಕಾಗಿ ನಾಲ್ಕು ದಿನ ಮೊದಲೇ ಟ್ರೇ ತುಂಬಿಸಿ, ತುಂಡುಗಳನ್ನು ಚೀಲಕ್ಕೆ ಸುರಿದು, ಮತ್ತೆ ತುಂಬಿಸಬೇಕು.

ಮೊದಲೇ ಕೂಡಿಡುವ ಈ ಬುದ್ಧಿಯನ್ನು ಡೇರಿಗಳು ಬಹಳ ಹಿಂದೆಯೇ ಕಂಡುಕೊಂಡಿವೆ. ಅಹಮದಾಬಾದಿಗೂ ವಡೋದರಾಕ್ಕೂ ನಡುವಿನ ಆಣಂದದ ಖೇಡಾ ಒಕ್ಕೂಟ 1946ರದು, ಸೂರತ್ತಿನ ಸುಮುಲ್ 1951ರದು. ಕರೆದ ಹಾಲು ಹಸುವಿನ ಮೈಬಿಸಿಯಲ್ಲಿರುತ್ತದೆ, ಅದನ್ನು ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಹುಳಿ. ಹಾಲು ಬರುವುದು ಬೆಳಿಗ್ಗೆ, ಸಂಜೆ, ಒಮ್ಮೆಲೇ. ಆ ಹೊತ್ತಿಗೆ ತಕ್ಕ ದೊಡ್ಡ ಯಂತ್ರ ಇಟ್ಟರೆ ಮಿಕ್ಕ ವೇಳೆ ಅದು ಸುಮ್ಮನೆ ನಿಂತಿರಬೇಕು. ಹಾಗಾಗಿ ಡೇರಿ ಉದ್ಯಮದಲ್ಲಿ ಐಸ್ ಬ್ಯಾಂಕ್ ಎಂಬ ತೊಟ್ಟಿ ಬಂತು. ಬಿಡುವಿನ ವೇಳೆಯಲ್ಲಿ ಸಾಧಾರಣ ಯಂತ್ರವೇ ಕೊಳವೆಗಳ ಸುತ್ತ ಐಸು ಕಟ್ಟಿಸುತ್ತ ಹೋಗುತ್ತದೆ, ಹಾಲು ಬಂದಾಗ ಆ ಐಸಿನ ನೀರನ್ನು ಹರಿಸಿ ಕ್ಷಣದಲ್ಲಿ ತಣಿಸುತ್ತಾರೆ. ಮನೆಯ ಐಸ್ ಬ್ಯಾಂಕಿಗೆ ಒಂದು ಲೀಟರಿನ ಹಳೆ ಪ್ಲಾಸ್ಟಿಕ್ ಬಾಟಲಿಗಳೇ ಸಾಕು. ಹತ್ತರಲ್ಲಿ ಒಂಬತ್ತು ಪಾಲು ನೀರು ತುಂಬಿಸಿ ವಾರದುದ್ದಕ್ಕೂ ಫ್ರೀಜರಿನಲ್ಲಿ ಒಂದೊಂದಾಗಿ ಗಟ್ಟಿ ಮಾಡಿ. ಒಂದೊಂದರಲ್ಲೂ 72 ಕಿಲೋ ಕ್ಯಾಲರಿಯ ಉಳಿತಾಯವಿದೆ. ದೊಡ್ಡ ಗಟ್ಟಿಯಾದ್ದರಿಂದ ಅವಸರಕ್ಕೆ ಒದಗುವುದಿಲ್ಲ. ಕೂಟದ ದಿನ ಮಧ್ಯಾಹ್ನವೇ ಟಬ್ಬಿನ ನೀರಿಗೆ ಹಾಕಿದರೆ ಸಂಜೆಗೆ ನೀರು ತಣ್ಣಗಾಗಿರುತ್ತದೆ. ಆಮೇಲೆ ಪುಡಿ ಐಸು.

ಸೂರತ್ತಿಗೆ ಬಂದರೆ ಅಲ್ಲಿನವರು ಕೋಲ್ಡ್ ಕೋಕೋ ಇಲ್ಲದ ಕೂಟವನ್ನು ಕೂಟವೆನ್ನುವುದಿಲ್ಲ. 1923ರಲ್ಲಿ ಹಜೂರಿ ಕುಟುಂಬ ಶುರುಮಾಡಿದ ಸೋಸ್ಯೋ ಎಂಬ ಸೋಡಾ ಪಾನೀಯ ಟಬ್ಬಿನಲ್ಲಿ ಮುಳುಗಿದರೆ ಸಾಕು, ಕೋಕೋ ಹಾಗಲ್ಲ. ಹಾಲಿಗೆ ಕೋಕೋ ಪುಡಿ, ಸಕ್ಕರೆ, ಕಾರ್ನ್‌ಫ್ಲೋರು ಹಾಕಿ ಕುದಿಸಿದ ಮಂದ ಪಾನೀಯ ಅದು. ಐಸು ಬೆರೆಸಿದರೆ ಕೆಟ್ಟಿತು. ಮಂದವಾದ್ದರಿಂದ ಒಳಗೊಳಗೇ ಹೊರಳುವುದೂ ಇಲ್ಲ. ಅಂಚು ತಣ್ಣಗಾದರೂ ನಡು ಹೊಗೆಯಾಡುತ್ತಿರುತ್ತದೆ. ಅಗಲ ಪಾತ್ರೆಗೆ ತೆಳುವಾಗಿ ಹರಡಿ, ಮೊದಲು ಬರೀ ನೀರಿನಲ್ಲಿಟ್ಟು ಸೌಟಾಡಿಸಿ. 95 ಡಿಗ್ರಿಯಿಂದ 5ಕ್ಕೆ ಇಳಿಯುವ ಹಾದಿಯಲ್ಲಿ 40ರವರೆಗಿನ ಶೇ 60ರಷ್ಟು ಕೆಲಸವನ್ನು ಬಿಟ್ಟಿ ನೀರೇ ಮಾಡುತ್ತದೆ. ನೀರು ಬೆಚ್ಚಗಾದರೆ ಬದಲಿಸಿ. ಐಸು ಬೇಕಾದದ್ದು ಆಮೇಲೆ.

ಸೂರತ್ತಿನ ಗಾಳಿ ಇನ್ನೂ ಒಂದು ತಂಟೆ ಮಾಡುತ್ತದೆ. ತಣ್ಣನೆ ಲೋಟ ಮೇಜಿನ ಮೇಲಿಟ್ಟ ಎರಡೇ ನಿಮಿಷಕ್ಕೆ ಅದರ ಮೈ ಬೆವರುತ್ತದೆ. ನೋಡಲು ಚೆಂದ, ಜಾಹೀರಾತಿನವರಿಗೂ ಪ್ರಿಯ. ಆದರೆ ಆವಿಯಾಗುವಾಗ ಮಡಕೆಯಿಂದ ಶಾಖ ಒಯ್ಯುವ ನೀರು ಲೋಟದ ಮೇಲೆ ಹನಿಯಾಗುವಾಗ ಅಷ್ಟೇ ಶಾಖವನ್ನು ತಂದು ಸುರಿಯುತ್ತದೆ. ಒಂದು ಗ್ರಾಂ ಹನಿಗಟ್ಟಿದರೆ ಅದು ತಂದ ಶಾಖ ಕಾಲು ಲೀಟರು ಪಾನೀಯವನ್ನು ಎರಡು ಡಿಗ್ರಿಗೂ ಮೀರಿ ಬಿಸಿ ಮಾಡಬಲ್ಲದು. ಅಹಮದಾಬಾದಿನಲ್ಲಿ ಈ ಕಾಟ ಕಡಿಮೆ. ಸೂರತ್ತಿನಲ್ಲಾಗಲಿ ಮಂಗಳೂರಿನಲ್ಲಾಗಲಿ ದೊಡ್ಡ ಸ್ಟೀಲ್ ಲೋಟಗಳನ್ನು ಮೊದಲೇ ತುಂಬಿಸಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟುಕೊಂಡು ನೆಂಟರನ್ನು ಕಾಯಬಾರದು. ಅರ್ಧ ಅಳತೆಯ ಕಾಗದದ ಕಪ್ಪು ಹಿಡಿಸಿ, ಜಗ್ಗನ್ನು ಐಸ್ ನೀರಿನಲ್ಲೇ ಬಿಟ್ಟು, ಖಾಲಿಯಾದಂತೆ ಮತ್ತೆ ಸುರಿಯುತ್ತ ಹೋಗಿ. ಆ ಕೆಲಸಕ್ಕೆ ಮನೆಯ ದೊಡ್ಡ ಹುಡುಗನನ್ನು ನಿಲ್ಲಿಸಿ. ಮೊಬೈಲು ಮಾತ್ರ ಇಸಿದುಕೊಂಡಿರಿ.